ಜಾಲತಾಣ ನೋಡಿ ಪ್ರೌಢಶಾಲೆ ಆರಿಸಬಹುದೇ?

ತುಮಕೂರಿನಲ್ಲಿ ಮಗಳನ್ನು ಎಂಟನೇ ತರಗತಿಗೆ ಸೇರಿಸಬೇಕು, ಶಾಲೆಗಳ ಜಾಲತಾಣಗಳನ್ನು ಹೋಲಿಸಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಆದರೆ ನೋಡುವ ಕ್ರಮ ತಿಳಿದಿದ್ದರೆ ಬಹಳ ಉಪಯೋಗವಿದೆ.

ಮುಖಪುಟದ ಚಿತ್ರಗಳನ್ನು ಬಿಟ್ಟುಬಿಡಿ. ಸಿಬಿಎಸ್‌ಇ ಶಾಲೆಯಾದರೆ ‘ಮ್ಯಾಂಡೇಟರಿ ಪಬ್ಲಿಕ್ ಡಿಸ್‌ಕ್ಲೋಷರ್’ (ಕಡ್ಡಾಯವಾಗಿ ಪ್ರಕಟಿಸಬೇಕಾದ ಮಾಹಿತಿ) ಎಂಬ ಪುಟವನ್ನು ಹುಡುಕಿ. ಮಾನ್ಯತೆ ಸಂಖ್ಯೆ, ಶುಲ್ಕ, ಶಿಕ್ಷಕರ ಸಂಖ್ಯೆ, ಕಟ್ಟಡ ಸುರಕ್ಷತಾ ಪ್ರಮಾಣಪತ್ರ, ಮೂರು ವರ್ಷಗಳ ಫಲಿತಾಂಶ ಅಲ್ಲಿರಲೇಬೇಕು. ಪುಟ ಖಾಲಿಯಿದ್ದರೆ ನಾನಂತೂ ಆ ಶಾಲೆಯನ್ನು ನಂಬುವುದಿಲ್ಲ.

ರಾಜ್ಯ ಪಠ್ಯಕ್ರಮದ ಶಾಲೆಗಳ ಜಾಲತಾಣಗಳಲ್ಲಿ 625ಕ್ಕೆ 620 ಅಂಕ ಪಡೆದ ಒಬ್ಬಳ ಭಾವಚಿತ್ರ ದೊಡ್ಡದಾಗಿರುತ್ತದೆ. ಆ ಮಗುವಿನ ಶ್ರಮಕ್ಕೆ ಗೌರವವಿರಲಿ. ನೀವು ಕೇಳಬೇಕಾದದ್ದು ಎಷ್ಟು ಮಕ್ಕಳು ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೆದರು, ಎಷ್ಟು ಮಂದಿ ತೇರ್ಗಡೆಯಾದರು ಎಂಬುದನ್ನು. ಒಂಬತ್ತನೇ ತರಗತಿಯಲ್ಲಿ ಹಿಂದುಳಿದವರಿಗೆ ವರ್ಗಾವಣೆ ಪತ್ರ ಕೊಟ್ಟು ಕಳುಹಿಸಿದರೆ ನೂರಕ್ಕೆ ನೂರು ಫಲಿತಾಂಶ ಕಷ್ಟವೇನಲ್ಲ.

ಸರ್ಕಾರಿ ಪ್ರೌಢಶಾಲೆಗೆ ಜಾಲತಾಣವಿಲ್ಲವೆಂದು ಕೈಬಿಡಬೇಡಿ. ಪ್ರತಿ ಶಾಲೆಗೂ 11 ಅಂಕಿಗಳ ಯುಡೈಸ್ ಸಂಖ್ಯೆ, ಅಂದರೆ ಸರ್ಕಾರದ ಶಾಲಾ ಮಾಹಿತಿ ವ್ಯವಸ್ಥೆಯಲ್ಲಿನ ಗುರುತಿನ ಸಂಖ್ಯೆ, ಇರುತ್ತದೆ. ಕರ್ನಾಟಕದ್ದು 29ರಿಂದ ಆರಂಭವಾಗುತ್ತದೆ. ಯುಡೈಸ್ ಪ್ಲಸ್ ತಾಣದಲ್ಲಿ ಅದನ್ನು ಹಾಕಿದರೆ ಮಕ್ಕಳು, ಶಿಕ್ಷಕರು, ಕೊಠಡಿ, ಶೌಚಾಲಯಗಳ ಲೆಕ್ಕ ಸಿಗುತ್ತದೆ.

ಬಳಿಕ ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತು, ಹತ್ತನೇ ತರಗತಿಯ ಮಕ್ಕಳ ತಾಯಂದಿರನ್ನು ಮಾತನಾಡಿಸಿ.