ತರ್ಕದ ಪ್ರಶ್ನೆಗಳಿಗೆ ಸಿದ್ಧತೆ

ಪ್ರಶ್ನೆ: ದ್ವಿತೀಯ ಪಿಯುಸಿ ಓದುತ್ತಿದ್ದೇನೆ, ಕಾನೂನು ಪದವಿಯ ಪ್ರವೇಶ ಪರೀಕ್ಷೆಯಾದ ಕ್ಲಾಟ್ ಬರೆಯುವ ಆಸೆಯಿದೆ. ತಾರ್ಕಿಕ ವಿಭಾಗದಲ್ಲಿ ಸದಾ ಎರಡು ಉತ್ತರಗಳು ಸರಿಯೆನಿಸುತ್ತವೆ. ರಕ್ತಸಂಬಂಧ, ಕೋಡಿಂಗ್ (ಅಕ್ಷರ-ಅಂಕಿಗಳ ಸಂಕೇತ ಬಿಡಿಸುವ) ಲೆಕ್ಕಗಳನ್ನು ಇನ್ನಷ್ಟು ಮಾಡಬೇಕೇ?
– ವಿದ್ಯಾರ್ಥಿನಿ, ಗಂಗಾವತಿ

ಉತ್ತರ: ಅವುಗಳಿಗೆ ಹೆಚ್ಚು ಸಮಯ ಕೊಡಬೇಡಿ. ಎರಡು ಗಂಟೆಗಳ ಕ್ಲಾಟ್‌ನ 120 ಪ್ರಶ್ನೆಗಳಲ್ಲಿ 22ರಿಂದ 26 ತಾರ್ಕಿಕ ವಿಭಾಗದವು. ಇಂಗ್ಲಿಷ್ ಗದ್ಯಭಾಗವನ್ನು ಓದಿ, ಲೇಖಕರ ತೀರ್ಮಾನ ಯಾವುದು, ಅದಕ್ಕೆ ಕೊಟ್ಟ ಆಧಾರಗಳೇನು, ಹೇಳದೆ ಒಪ್ಪಿಕೊಂಡ ಊಹೆ ಯಾವುದು ಎಂದು ಗುರುತಿಸುವುದೇ ಅವುಗಳಲ್ಲಿ ಮುಖ್ಯ.

ನಿಮ್ಮೂರಿನ ಮಾತನ್ನೇ ತೆಗೆದುಕೊಳ್ಳಿ: ‘ಈ ಸಲ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬೇಗ ಬಂತು, ಭತ್ತದ ಇಳುವರಿ ಹೆಚ್ಚಿತು, ಆದ್ದರಿಂದ ಬೇಗ ಬಂದ ನೀರೇ ಕಾರಣ.’ ಬೇರೇನೂ ಬದಲಾಗಿರಲಿಲ್ಲ ಎಂಬುದು ಇಲ್ಲಿನ ಅಡಗಿದ ಊಹೆ. ಅದೇ ವರ್ಷ ರೈತರು ಹೊಸ ತಳಿ ನಾಟಿ ಮಾಡಿದ್ದರೆಂಬ ಸಂಗತಿ ವಾದವನ್ನು ದುರ್ಬಲಗೊಳಿಸುತ್ತದೆ. ಅದೇ ತಳಿಯಿದ್ದರೂ ನೀರು ತಡವಾಗಿ ತಲುಪಿದ ಕೊನೆಭಾಗದ ಗದ್ದೆಗಳಲ್ಲಿ ಇಳುವರಿ ಹೆಚ್ಚಲಿಲ್ಲವೆಂಬುದು ಬಲಪಡಿಸುತ್ತದೆ. ಭತ್ತದ ಬೆಲೆ ಏರಿತೆಂಬ ಆಯ್ಕೆ ನಿಜವೇ ಆಗಿರಬಹುದು, ಆದರೆ ವಾದಕ್ಕೆ ಸಂಬಂಧವಿಲ್ಲ. ನಿಮ್ಮನ್ನು ದಾರಿ ತಪ್ಪಿಸುತ್ತಿರುವ ಎರಡನೆಯ ಉತ್ತರ ಬಹುಶಃ ಈ ಜಾತಿಯದು.

ಊಹೆಯನ್ನು ಕೇಳಿದಾಗ ಪ್ರತಿ ಆಯ್ಕೆಯನ್ನೂ ನಿಷೇಧ ರೂಪದಲ್ಲಿ ಓದಿ. ಯಾವುದನ್ನು ಅಲ್ಲಗಳೆದರೆ ತೀರ್ಮಾನ ನಿಲ್ಲುವುದಿಲ್ಲವೋ ಅದೇ ಉತ್ತರ. ತಪ್ಪಿಗೆ 0.25 ಅಂಕ ಕಳೆಯುವುದರಿಂದ, ಒಂದು ಆಯ್ಕೆಯನ್ನೂ ತಳ್ಳಿಹಾಕಲಾಗದ ಪ್ರಶ್ನೆಯನ್ನು ಬಿಟ್ಟುಬಿಡಿ. ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ ಓದಿ, ಅದರ ತೀರ್ಮಾನವನ್ನು ಒಂದೇ ವಾಕ್ಯದಲ್ಲಿ, ಬೇಕಾದರೆ ಕನ್ನಡದಲ್ಲೇ, ಬರೆದಿಡಿ.