ಹೆರಿಗೆಯ ನಂತರ ತಾಯಿಯ ಚೇತರಿಕೆಯಲ್ಲಿ ಹಾರ್ಮೋನುಗಳ ಪಾತ್ರವೇನು?

ಹಾಲೂಡಿಸಲು ಕುಳಿತಾಗಲೆಲ್ಲ ಕಿಬ್ಬೊಟ್ಟೆ ಹಿಂಡಿದಂತಾಗುತ್ತದೆಂದು ಅನೇಕ ಬಾಣಂತಿಯರು ಗಾಬರಿಯಾಗುತ್ತಾರೆ. ಮಗು ಚೀಪತೊಡಗಿದಾಗ ಸ್ರವಿಸುವ ಆಕ್ಸಿಟೋಸಿನ್ ಎಂಬ ಹಾರ್ಮೋನು ಗರ್ಭಕೋಶವನ್ನು ಬಿಗಿಗೊಳಿಸಿ ರಕ್ತಸ್ರಾವವನ್ನು ತಗ್ಗಿಸುವುದರಿಂದ ಆಗುವ ನೋವು ಅದು, ಎರಡನೆಯ ಹೆರಿಗೆಯಲ್ಲಿ ಸಾಮಾನ್ಯವಾಗಿ ತುಸು ಹೆಚ್ಚೇ ಇರುತ್ತದೆ. ಹೆರಿಗೆಯಾದಾಗ ಸುಮಾರು 1 ಕಿಲೋ ತೂಗುವ ಗರ್ಭಕೋಶ ಹೀಗೆ ಕುಗ್ಗುತ್ತ ಕುಗ್ಗುತ್ತ, 6 ವಾರಗಳ ಹೊತ್ತಿಗೆ 100 ಗ್ರಾಂ ಆಸುಪಾಸಿಗೆ ಇಳಿಯುತ್ತದೆ.

ಮಾಸು ಹೊರಬಿದ್ದ ಮೇಲೆ, ಅದು ಸ್ರವಿಸುತ್ತಿದ್ದ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟೆರಾನ್ ಹಾರ್ಮೋನುಗಳ ಮಟ್ಟ ಥಟ್ಟನೆ ಕುಸಿಯುವುದರಿಂದ, ಹಾಲು ತರಿಸುವ ಪ್ರೊಲ್ಯಾಕ್ಟಿನ್‌ಗೆ ಇದ್ದ ತಡೆ ನೀಗಿ 2–4 ದಿನಗಳಲ್ಲಿ ಎದೆಹಾಲು ತುಂಬಿಬರುತ್ತದೆ. ಮೊದಲ ವಾರದ ಸುಮ್ಮಸುಮ್ಮನೆ ಬರುವ ಅಳುವಿನ ಹಿಂದೆಯೂ ಈ ಕುಸಿತದ ಪಾಲಿದೆ. ಮನೆಯವರು ಅದನ್ನು ಹಟವೆಂದು ಗದರಬಾರದು, ಎರಡು ವಾರ ಕಳೆದರೂ ಮಂಕು ಬಿಡದಿದ್ದರೆ ವೈದ್ಯರಿಗೆ ತೋರಿಸಲೇಬೇಕು.