ಮಾಲ್ಟಾಗೆ ಕೆಲಸಕ್ಕೆ ಹೋಗುವ ಮುಂಚೆ ‘ಮಾಲ್ಟಾ ಸ್ಟೋರಿ’ ನೋಡಿದರೆ ಸಾಕಾ?

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. ಮುಂದಿನ ತಿಂಗಳು ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದ ವೃದ್ಧಾಶ್ರಮವೊಂದಕ್ಕೆ ಕೇರರ್ ಕೆಲಸಕ್ಕೆ ಹೊರಟಿದ್ದೀರಿ. ಅಲ್ಲಿನ ಅಜ್ಜ ಅಜ್ಜಿಯರ ಜೊತೆ ಯುದ್ಧದ ಕಾಲದ ಮಾತಾಡಲು ಹಳೇ ಬ್ರಿಟಿಷ್ ಸಿನಿಮಾ ‘ಮಾಲ್ಟಾ ಸ್ಟೋರಿ’ ನೋಡಿದರೆ ಸಾಕಾ, ಇಲ್ಲ ಬೇರೆ ಒಳ್ಳೇದು ಇದೆಯಾ ಅಂತ ಕೇಳಿದ್ದೀರಿ. 2016ರಲ್ಲಿ ನಾನೂ ಹೀಗೇ ಹೊರಟಿದ್ದೆ. ಇದೇ ಸಿನಿಮಾ ನೋಡಿಕೊಂಡು.

ಉಡುಪಿಯ ನಮ್ಮ ಮನೆಯಲ್ಲಿ, ಬ್ಯಾಗ್ ಕಟ್ಟುತ್ತಾ, ಎರಡು ರಾತ್ರಿ ಎರಡು ಸಲ ನೋಡಿದೆ. 1953ರ ಕಪ್ಪು ಬಿಳುಪು ಚಿತ್ರ. ಅಲೆಕ್ ಗಿನ್ನೆಸ್ ಅದರಲ್ಲಿ ಪೀಟರ್ ರಾಸ್ ಎಂಬ ಪೈಲಟ್. ಈಜಿಪ್ಟಿಗೆ ಹೋಗಬೇಕಾದವನು ದಾರಿಯಲ್ಲಿ ಮಾಲ್ಟಾದಲ್ಲಿ ಇಳಿಯುತ್ತಾನೆ, ಅವನು ಬಂದ ವಿಮಾನ ಅಲ್ಲೇ ಬಾಂಬಿಗೆ ಸಿಕ್ಕಿ ಸುಟ್ಟುಹೋಗುತ್ತದೆ. ಹಾಗಾಗಿ ಅಲ್ಲೇ ಉಳಿದು, ಆಕಾಶದಿಂದ ಶತ್ರುಗಳ ಫೋಟೋ ತೆಗೆಯುವ ಕೆಲಸಕ್ಕೆ ನಿಲ್ಲುತ್ತಾನೆ. ಮರಿಯಾ ಎಂಬ ಅಲ್ಲಿನ ಹುಡುಗಿಯ ಮೇಲೆ ಪ್ರೀತಿ ಆಗುತ್ತದೆ. ಕೊನೆಗೆ ಶತ್ರುಗಳ ಹಡಗುಗಳ ಬೆನ್ನು ಬಿಡದೆ ಹಾರುತ್ತಾ ಸಾಯುತ್ತಾನೆ. ಯುದ್ಧದ ನಕಾಶೆಯ ಮೇಜಿನ ಹತ್ತಿರ ಕೆಲಸಕ್ಕೆ ನಿಂತ ಮರಿಯಾಗೆ ಅದು ಅಲ್ಲೇ ಗೊತ್ತಾಗುತ್ತದೆ. ನಾನು ಎರಡು ಸಲವೂ ಅತ್ತೆ.

ಮಧ್ಯೆ ಇನ್ನೊಂದು ಕಥೆ ಇದೆ. ಮರಿಯಾಳ ತಮ್ಮನೋ ಅಣ್ಣನೋ, ಜುಸೆಪ್ಪೆ, ಇಟಲಿಯಲ್ಲಿ ಓದುತ್ತಿದ್ದವನು ಗೂಢಚಾರನಾಗಿ ಬಂದು ಸಿಕ್ಕಿಬೀಳುತ್ತಾನೆ. ನನ್ನನ್ನು ಹಾಳು ಮಾಡಿದ್ದು ಈ ಕಥೆ. ಅದಕ್ಕೆ ಆಮೇಲೆ ಬರುತ್ತೇನೆ.

ನನಗೆ ಬಿದ್ದ ಫ್ಲೋರ್‌ನಲ್ಲಿ 82 ವರ್ಷದ ಒಬ್ಬರಿದ್ದರು. ಅಲ್ಲಿ ಅಜ್ಜನಿಗೆ ‘ನನ್ನು’ ಅಂತಾರೆ. ಕನ್ನಡದವಳಿಗೆ ಆ ಪದ ಬಾಯಿಗೆ ಬೇಗ ಹತ್ತಿಬಿಡುತ್ತದೆ. ನಾನೂ ನನ್ನು ಅಂತಲೇ ಕರೆಯುತ್ತಿದ್ದೆ. ಅವರು ಬ್ರೆಡ್ ತಿನ್ನುವುದನ್ನು ನೀವು ನೋಡಬೇಕಿತ್ತು. ಅಲ್ಲಿನ ಬ್ರೆಡ್ಡಿನ ಹೊರಮೈ ಗಟ್ಟಿ, ಒಳಗೆ ಮೆತ್ತಗೆ. ಅದಕ್ಕೆ ಟೊಮೇಟೊ ಉಜ್ಜಿ, ಆಲಿವ್ ಎಣ್ಣೆ ಹಾಕಿ ಕೊಡುತ್ತಿದ್ದೆ. ತಿಂದಾದ ಮೇಲೆ ಬೆರಳು ಒದ್ದೆ ಮಾಡಿಕೊಂಡು ತಟ್ಟೆಯ ಚೂರುಗಳನ್ನು ಒಂದೊಂದಾಗಿ ಅಂಟಿಸಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ತಟ್ಟೆ ಆದ ಮೇಲೆ ಮೇಜು. ಮೇಜು ಆದ ಮೇಲೆ ತಮ್ಮ ಅಂಗಿಯ ಮಡಿಕೆ. ನಾನು ಒರೆಸಲು ಬಟ್ಟೆ ತಂದರೆ ಕೈ ಅಡ್ಡ ಹಿಡಿಯುತ್ತಿದ್ದರು.

ಒಂದು ದಿನ ಸುಮ್ನೆ ಕೇಳಿದೆ, ಚಿಕ್ಕವರಿದ್ದಾಗ ಬ್ರೆಡ್ ಸಿಗ್ತಿತ್ತಾ ಅಂತ. ಅಷ್ಟೇ. ಅಲ್ಲಿಂದ ಶುರುವಾಯಿತು.

ಒಂದು ವರ್ಷ, ಹೆಚ್ಚು ಕಡಿಮೆ ದಿನಾ ಸಂಜೆ, ಅವರು ಹೇಳಿದರು, ನಾನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಬಂದರಿನ ಪಕ್ಕ ಮೂರು ಊರುಗಳಿವೆ, ಅದರಲ್ಲೊಂದು ಅವರದು. 1940ರ ಜೂನ್ 10ಕ್ಕೆ ಇಟಲಿ ಯುದ್ಧಕ್ಕಿಳಿಯಿತು, ಮಾರನೇ ದಿನ ಬೆಳಗ್ಗೆಯೇ ಬಾಂಬು. ಇಟಲಿಯ ಸಿಸಿಲಿ ಅಲ್ಲಿಂದ 90 ಕಿಲೋಮೀಟರ್ ಆಸುಪಾಸು, ವಿಮಾನಕ್ಕೆ ಅದೆಷ್ಟು ಹೊತ್ತು ಹೇಳಿ. ಉತ್ತರ ಆಫ್ರಿಕಾದಲ್ಲಿ ಹೋರಾಡುತ್ತಿದ್ದ ಜರ್ಮನ್, ಇಟಾಲಿಯನ್ ಸೈನ್ಯಕ್ಕೆ ಹೋಗುವ ಹಡಗುಗಳನ್ನು ಬ್ರಿಟಿಷರು ಮುಳುಗಿಸುತ್ತಿದ್ದುದು ತಮ್ಮ ಆಳ್ವಿಕೆಯಲ್ಲಿದ್ದ ಈ ದ್ವೀಪದಿಂದಲೇ. ಅದಕ್ಕೇ ಜರ್ಮನ್ನರು, ಇಟಾಲಿಯನ್ನರು ದ್ವೀಪವನ್ನು ಹೊಡೆದು, ಹಸಿವಿಗೆ ಕೆಡವಿ, ಬಗ್ಗಿಸಬೇಕು ಅಂತ ಹೊರಟರು. ಜನ ಸುಣ್ಣಕಲ್ಲಿನ ಬಂಡೆಯನ್ನು ಗುದ್ದಲಿಯಲ್ಲಿ ಕೊರೆದು ಒಳಗೆ ವಾಸಕ್ಕೆ ಹೋದರು. ಗೋಡೆಯಲ್ಲಿ ಪುಟ್ಟ ಗೂಡು ಕೊರೆದು ಮಾತೆ ಮರಿಯಮ್ಮನ ಮೂರ್ತಿ ಇಟ್ಟಿದ್ದರು ಅಂತ ನನ್ನು ಕೈಯಲ್ಲಿ ಅಳತೆ ತೋರಿಸುತ್ತಿದ್ದರು, ಒಂದು ಗೇಣು. ಗೋಡೆಯಿಂದ ನೀರು ಜಿನುಗಿ ಕಂಬಳಿ ಯಾವತ್ತೂ ಒಣಗುತ್ತಿರಲಿಲ್ಲವಂತೆ.

1942ರ ಏಪ್ರಿಲ್ ಎಲ್ಲಕ್ಕಿಂತ ಕೆಟ್ಟ ತಿಂಗಳು. 9ನೇ ತಾರೀಕು ಮೊಸ್ತಾ ಊರಿನ ಚರ್ಚಿನ ಗುಮ್ಮಟ ತೂರಿಕೊಂಡು ಬಾಂಬು ಒಳಗೆ ಬಿತ್ತು. ಒಳಗೆ ಜನ ಸೇರಿದ್ದರು. ಅದು ಸಿಡಿಯಲಿಲ್ಲ. ಇದನ್ನು ನಿಮಗೆ ಅಲ್ಲಿ ಪ್ರತಿಯೊಬ್ಬರೂ ಹೇಳುತ್ತಾರೆ, ಮೊದಲ ಸಲ ಕೇಳುತ್ತಿರುವ ಹಾಗೇ ಕೇಳಿ. 15ನೇ ತಾರೀಕು ಬ್ರಿಟನ್ನಿನ ರಾಜ ಆರನೇ ಜಾರ್ಜ್ ಇಡೀ ದ್ವೀಪಕ್ಕೆ ಜಾರ್ಜ್ ಕ್ರಾಸ್ ಪದಕ ಕೊಟ್ಟ. ಇವತ್ತಿಗೂ ಅವರ ಬಾವುಟದಲ್ಲಿ ಅದಿದೆ. ಪದಕ ಬಂದ ಮುಂದಿನ ತಿಂಗಳೇ ಬ್ರೆಡ್ಡಿಗೂ ರೇಷನ್ ಬಂತು. ಪಾತ್ರೆ ಹಿಡಿದು ವಿಕ್ಟರಿ ಕಿಚನ್ ಅನ್ನೋ ಸರ್ಕಾರಿ ಅಡುಗೆಮನೆಯ ಮುಂದೆ ಸಾಲು ನಿಲ್ಲುತ್ತಿದ್ದುದು ಇವರ ಪಾಲಿನ ಕೆಲಸ. ಆಗ ಇವರಿಗೆ ಏಳು ವರ್ಷ.

ಇಷ್ಟೆಲ್ಲ ಹೇಳುವಾಗ ಅಮ್ಮ ಬರುತ್ತಿದ್ದರು, ಅಕ್ಕ ಬರುತ್ತಿದ್ದಳು. ಅಪ್ಪ ಬರುತ್ತಿರಲಿಲ್ಲ. ಬಂಡೆಯೊಳಗೆ ಇವರ ಕುಟುಂಬ ಯಾವಾಗಲೂ ಬಾಗಿಲ ಬಳಿಯೇ ಕೂರುತ್ತಿತ್ತು ಅಂತ ಎರಡು ಮೂರು ಸಲ ಹೇಳಿದ್ದರು. ಬಾಗಿಲ ಬಳಿ ಅಂದರೆ ಎಲ್ಲಕ್ಕಿಂತ ಅಪಾಯದ ಜಾಗ. ಅಪ್ಪ ಸೈನ್ಯದಲ್ಲಿದ್ದರು ಅಂತ ನಾನೇ ಅಂದುಕೊಂಡೆ. ಬಾಗಿಲ ಬಳಿ ಯಾಕೆ ಅಂತ ಕೇಳಲೇ ಇಲ್ಲ. ಅವತ್ತಿನ ಪುಟದಲ್ಲಿ ‘ಗಾಳಿಗೋಸ್ಕರ ಇರಬೇಕು’ ಅಂತ ಬರೆದುಕೊಂಡಿದ್ದೇನೆ. ಈಗಲೂ ಆ ಸಾಲು ನೋಡಿದರೆ ಸಂಕಟ ಆಗುತ್ತದೆ.

2017ರ ಅಕ್ಟೋಬರ್. ಸಂಜೆ ಚಹಾದ ಹೊತ್ತು. ಒಂದೇ ಮೇಜಿಗೆ ನಾಲ್ಕು ಜನ, ಅದರಲ್ಲಿ ಇಬ್ಬರು ನನ್ನು ಅವರ ಊರಿನವರೇ. ಯಾರೋ ಹಳೇ ಸಿನಿಮಾದ ಮಾತು ತೆಗೆದರು. ನಾನು ಖುಷಿಯಿಂದ, ನಾನೂ ‘ಮಾಲ್ಟಾ ಸ್ಟೋರಿ’ ನೋಡಿದ್ದೇನೆ ಅಂದೆ. ಎಲ್ಲರೂ ನನ್ನ ಕಡೆ ತಿರುಗಿದರು. ಆ ಗಮನ ನನಗೆ ಹಿತವಾಯಿತು, ಸುಳ್ಳು ಹೇಳಲ್ಲ. ಮುಂದುವರಿಸಿದೆ. ‘ಇಟಲಿ ಪರ ಇದ್ದವರನ್ನೆಲ್ಲ ಆಗ ಹಿಡಿದು ಒಳಗೆ ಹಾಕಿದ್ದು ಒಳ್ಳೇದೇ ಆಯ್ತು, ಅಲ್ವಾ ನನ್ನು? ಇಲ್ಲದಿದ್ದರೆ ನೀವ್ಯಾರೂ ಉಳೀತಿರಲಿಲ್ಲ’ ಅಂದೆ.

ಅವರು ಕೈಯಲ್ಲಿದ್ದ ಬ್ರೆಡ್ ತಟ್ಟೆಗೆ ಇಟ್ಟರು. ಅವತ್ತು ಚೂರು ಆರಿಸಲಿಲ್ಲ. ಎದ್ದು ವಾಕರ್ ಹಿಡಿದು ರೂಮಿಗೆ ಹೋದರು. ಅವರ ಊರಿನ ಅಜ್ಜಿ ಚಹಾ ಕಪ್ಪಿನೊಳಗೆ ನೋಡುತ್ತಾ ಕೂತಿದ್ದರು.

ಭಾನುವಾರ ಮಗಳು ಬಂದು ನನ್ನನ್ನು ಕಾರಿಡಾರಿಗೆ ಕರೆದರು. ಕೂಗಾಡಲಿಲ್ಲ. ಅಪ್ಪನ ಅಪ್ಪ ಯುದ್ಧದಲ್ಲಿ ಜೈಲಿನಲ್ಲಿದ್ದರು ಅಂದರು. ಬ್ರಿಟಿಷರೇ ಹಾಕಿದ್ದು. ಬಾಂಬು ಇಟ್ಟಿರಲಿಲ್ಲ, ಗೂಢಚಾರಿಕೆ ಮಾಡಿರಲಿಲ್ಲ. ಇಟಾಲಿಯನ್ ಭಾಷೆ ಉಳಿಯಬೇಕು ಅನ್ನುವ ಪಕ್ಷದ ಸಭೆಗಳಿಗೆ ಹೋಗುತ್ತಿದ್ದರು, ಅಷ್ಟೇ. ಶೆಲ್ಟರಿನಲ್ಲಿ ಈ ಮನೆಯವರಿಗೆ ಒಳಗೆ ಜಾಗ ಬಿಡುತ್ತಿರಲಿಲ್ಲವಂತೆ. ದ್ರೋಹಿಯ ಮಕ್ಕಳು ಬಾಗಿಲ ಬಳಿ ಕೂತುಕೊಳ್ಳಲಿ ಅಂತ.

ಆಮೇಲೆ ಓದಿಕೊಂಡೆ. ಮೊದಲೇ ಓದಬೇಕಿತ್ತು. ಬ್ರಿಟಿಷರ ಆಳ್ವಿಕೆ ಬಂದು ನೂರು ವರ್ಷ ಕಳೆದರೂ ಮಾಲ್ಟಾದ ಕೋರ್ಟು, ಓದು, ಬರಹದಲ್ಲಿ ಇಟಾಲಿಯನ್ ದೊಡ್ಡ ಭಾಷೆಯೇ. ಅದನ್ನು ತೆಗೆಯಬೇಕಾ ಬೇಡವಾ ಅನ್ನುವುದು ಅಲ್ಲಿನ ದೊಡ್ಡ ರಾಜಕೀಯ ಜಗಳ. ಯುದ್ಧ ಬಂದಾಗ ಇಟಾಲಿಯನ್ ಪರ ಅನ್ನಿಸಿಕೊಂಡವರನ್ನು ಹಿಡಿದು ಕೂಡಿಹಾಕಿದರು. 1942ರ ಫೆಬ್ರವರಿಯಲ್ಲಿ 43 ಜನರನ್ನು ಹಡಗು ಹತ್ತಿಸಿ ಉಗಾಂಡಕ್ಕೆ ಕಳಿಸಿದರು. ಅವರಲ್ಲಿ ದ್ವೀಪದ ಮಾಜಿ ಮುಖ್ಯ ನ್ಯಾಯಮೂರ್ತಿಯೂ ಇದ್ದರು. ಹೀಗೆ ಗಡೀಪಾರು ಮಾಡಿದ್ದು ಕಾನೂನುಬಾಹಿರ ಅಂತ ಮಾಲ್ಟಾದ ಕೋರ್ಟೇ ಹೇಳಿತು, ಅಷ್ಟರಲ್ಲಿ ಅವರು ಆಫ್ರಿಕಾ ಸೇರಿ ಆಗಿತ್ತು. ವಾಪಸ್ ಬಂದದ್ದು 1945ರಲ್ಲಿ. ಅದೇ 43 ಜನರಲ್ಲೊಬ್ಬರಾದ ಎನ್ರಿಕೊ ಮಿತ್ಸಿ 1950ರಲ್ಲಿ ಮಾಲ್ಟಾದ ಪ್ರಧಾನಿಯಾದರು.

ಸಿನಿಮಾ ಬಂದದ್ದು 1953ರಲ್ಲಿ. ಅಂದರೆ ಗಡೀಪಾರಾದವರೊಬ್ಬರನ್ನು ಅಲ್ಲಿನ ಜನ ಪ್ರಧಾನಿಯ ಕುರ್ಚಿಯಲ್ಲಿ ನೋಡಿ ಮೂರು ವರ್ಷ ಆದ ಮೇಲೆ. ಆದರೂ ಸಿನಿಮಾದಲ್ಲಿ ಇಟಲಿ ಅಂದರೆ ಒಬ್ಬ ಜುಸೆಪ್ಪೆ, ಒಬ್ಬ ಗೂಢಚಾರ. ಆ ಪಾತ್ರದ ಹಿಂದೆ ನಿಜವಾದ ಒಬ್ಬ ಮನುಷ್ಯನಿದ್ದಾನೆ. ರೋಮ್‌ನಲ್ಲಿ ಚಿತ್ರಕಲೆ ಓದುತ್ತಿದ್ದ ಕಾರ್ಮೆಲೊ ಬೋರ್ಗ್ ಪಿಸಾನಿ. 1942ರ ಮೇ ತಿಂಗಳಲ್ಲಿ ರಾತ್ರಿ ಮಾಲ್ಟಾದ ಬಂಡೆಗಳ ಬುಡದಲ್ಲಿ ಇಳಿದ, ಸಾಮಾನೆಲ್ಲ ಅಲೆಗೆ ಹೋಯಿತು, ಕಡೆಗೆ ಬ್ರಿಟಿಷರ ದೋಣಿಯೇ ಎತ್ತಿಕೊಂಡು ಬಂತು. ಆಸ್ಪತ್ರೆಯಲ್ಲಿ ಹಳೇ ಪರಿಚಯದವರೊಬ್ಬರು ಗುರುತು ಹಿಡಿದರು. ನವೆಂಬರ್ 28ಕ್ಕೆ ಗಲ್ಲು. ಅವನ ಕಥೆ ಸಿನಿಮಾ ಸೇರಿತು. ಸುಮ್ನೆ ಒಳಗೆ ಕೂಡಿಹಾಕಿಸಿಕೊಂಡವರ ಕಥೆ ಸೇರಲಿಲ್ಲ. ಮರಿಯಾ ಆಗಿರುವ ಮ್ಯೂರಿಯಲ್ ಪ್ಯಾವ್ಲೊ, ಅವಳ ತಾಯಿಯಾಗಿರುವ ಫ್ಲೋರಾ ರಾಬ್ಸನ್, ಇಬ್ಬರೂ ಇಂಗ್ಲೆಂಡಿನವರು. ಇಬ್ಬರೂ ಚೆನ್ನಾಗಿ ಮಾಡಿದ್ದಾರೆ. ಆದರೆ ಆ ಮನೆಯ ಮಾತು ಇಂಗ್ಲೆಂಡಿನವರು ಕೇಳಲು ಇಷ್ಟಪಡುವ ಮಾತು.

ನನ್ನ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಯಾಕಂದರೆ ಬಹಳ ಜನ ಇದನ್ನು ‘ಗೊತ್ತಿಲ್ಲದೆ ಆದದ್ದು ಬಿಡಿ’ ಅಂದಿದ್ದಾರೆ. ಗೊತ್ತಿಲ್ಲದ್ದು ತಪ್ಪಲ್ಲ. ಅಪ್ಪನ ಸುದ್ದಿ ಬರುತ್ತಿಲ್ಲ ಅನ್ನುವುದು ನನ್ನ ಕಿವಿಗೆ ಬಿದ್ದಿತ್ತು. ಒಂದು ವರ್ಷ ಬಿದ್ದಿತ್ತು. ಆ ಖಾಲಿ ಜಾಗವನ್ನು ಅವರು ತುಂಬಿಸಲಿ ಅಂತ ಕಾಯದೆ ನಾನು ಸಿನಿಮಾದಿಂದ ತುಂಬಿಸಿದೆ. ಇನ್ನೊಂದು, ನಾನು ಪ್ರಶ್ನೆ ಕೇಳಲಿಲ್ಲ, ತೀರ್ಪು ಹೇಳಿ ‘ಅಲ್ವಾ’ ಅಂತ ಬಾಲ ಸೇರಿಸಿದೆ. ಆ ‘ಅಲ್ವಾ’ಗೆ ಅವರು ಏನು ತಾನೇ ಹೇಳಬೇಕಿತ್ತು? ಹೌದು ಅಂದರೆ ಅಪ್ಪನನ್ನು ಬಿಟ್ಟುಕೊಟ್ಟ ಹಾಗೆ. ಇಲ್ಲ ಅಂದರೆ 75 ವರ್ಷದ ಹಿಂದಿನ ಆ ಬಾಗಿಲ ಬಳಿಗೆ ಮತ್ತೆ ಹೋಗಿ ಕೂತ ಹಾಗೆ. ಅದೂ ಅವರ ಊರಿನವರ ಮುಂದೆ. ಇದೇ ಮಾತನ್ನು ರೂಮಿನಲ್ಲಿ ಇಬ್ಬರೇ ಇದ್ದಾಗ ಆಡಿದ್ದರೆ ಬೈದು, ಆಮೇಲೆ ಎಲ್ಲ ಹೇಳುತ್ತಿದ್ದರೋ ಏನೋ. ಸಣ್ಣ ದ್ವೀಪ ಅದು. ಯಾರ ಅಜ್ಜ ಯಾವ ಕಡೆ ಇದ್ದರು ಅಂತ ಆ ಮೇಜಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವಳು ನಾನೊಬ್ಬಳೇ. ಮಾತಾಡಿದ್ದೂ ನಾನೊಬ್ಬಳೇ.

ಮನೆಯವರು ಕೇಳಿಕೊಂಡ ಮೇಲೆ ನನ್ನನ್ನು ಬೇರೆ ಫ್ಲೋರ್‌ಗೆ, ರಾತ್ರಿ ಪಾಳಿಗೆ ಹಾಕಿದರು. ಕ್ಷಮೆ ಕೇಳಲು ಎರಡು ಸಲ ಹೋದೆ. ತಲೆ ಅಲ್ಲಾಡಿಸಿದರು, ಕಿಟಕಿ ಕಡೆ ನೋಡಿದರು. ಮುಂದಿನ ವರ್ಷ ಮಾರ್ಚಿನಲ್ಲಿ ತೀರಿಕೊಂಡರು. ನೋಟ್‌ಬುಕ್ಕು 1942ರ ಜುಲೈಗೆ ನಿಂತಿದೆ. ಹಡಗು ಬಂದ ದಿನದ ಕಥೆ ‘ನಾಳೆ ಹೇಳುತ್ತೇನೆ’ ಅಂದಿದ್ದರು.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಈ ಸಿನಿಮಾ ಸಾಲುತ್ತಾ, ಬೇರೆ ಬೇಕಾ ಅನ್ನುವುದೇ ಸರಿಯಾದ ಪ್ರಶ್ನೆ ಅಲ್ಲ. ಸಿನಿಮಾ ನೋಡಿ ತಯಾರಾಗಿ ಹೋಗಬೇಡಿ. ಯಾವುದೂ ಬೇಡ. ‘ಮಾಲ್ಟಾ ಸ್ಟೋರಿ’ ಕೆಟ್ಟ ಚಿತ್ರ ಅಂತ ನಾನು ಹೇಳುತ್ತಿಲ್ಲ, ಈಗಲೂ ನನಗೆ ಇಷ್ಟ. ಅಲ್ಲೇ ಹೋಗಿ ಚಿತ್ರೀಕರಿಸಿದ್ದಾರೆ, ಯುದ್ಧದ ಕಾಲದಲ್ಲೇ ತೆಗೆದ ನಿಜವಾದ ದೃಶ್ಯಗಳನ್ನು ಸೇರಿಸಿದ್ದಾರೆ, ಬಿದ್ದ ಮನೆಗಳ ಕಲ್ಲು ನಿಜವಾದ ಕಲ್ಲು. ಅಲ್ಲಿ ಆರು ತಿಂಗಳು ಕಳೆದ ಮೇಲೆ, ಒಬ್ಬರೇ ಕೂತು ನೋಡಿ. ಯಾರು ಕಾಣಿಸುತ್ತಿಲ್ಲ ಅನ್ನುವುದು ಆಗ ನಿಮಗೇ ಕಾಣುತ್ತದೆ.

ಬದಲಿಗೆ ಅವರ ಭಾಷೆಯ ಹತ್ತಿಪ್ಪತ್ತು ಪದ ಕಲಿತುಕೊಂಡು ಹೋಗಿ. ಹೊಬ್ಸ್ ಅಂದರೆ ಬ್ರೆಡ್. ಇಲ್ಮಾ ಅಂದರೆ ನೀರು. ನನ್ನಾ ಅಂದರೆ ಅಜ್ಜಿ. ‘ಯುದ್ಧದಲ್ಲಿ ನಿಮ್ಮ ಅಪ್ಪ ಏನು ಮಾಡ್ತಿದ್ರು’ ಅಂತ ಕೇಳಲೇಬೇಡಿ. ಏನು ತಿಂತಿದ್ರಿ ಅಂತ ಕೇಳಿ, ನೀರು ಎಲ್ಲಿಂದ ತರ್ತಿದ್ರಿ ಅಂತ ಕೇಳಿ. ಮೇಜಿನಲ್ಲಿ ನಾಲ್ಕು ಜನ ಇದ್ದರೆ ಅದನ್ನೂ ಕೇಳಬೇಡಿ.

ಇನ್ನೊಂದು ವಿಷಯ. ಆಗಸ್ಟ್ 15ಕ್ಕೆ ರಜೆ ಹಾಕಬೇಡಿ. ನಮಗೆ ಅದು ಬಾವುಟ ಹಾರಿಸುವ ದಿನ, ಅವರಿಗೆ ಸಾಂತಾ ಮರಿಯಾ ಹಬ್ಬ. 1942ರಲ್ಲಿ ಇನ್ನು ಕೆಲವೇ ವಾರಕ್ಕಾಗುವಷ್ಟು ಆಹಾರ ಉಳಿದಿದ್ದಾಗ 14 ಸರಕು ಹಡಗುಗಳು ಹೊರಟವು, ತಲುಪಿದ್ದು ಐದು. ಕೊನೆಯದು ಒಹಾಯೊ, ಎಣ್ಣೆಯ ಹಡಗು. ಟಾರ್ಪೆಡೊ ತಿಂದು, ತಾನಾಗಿ ಚಲಿಸಲಾರದೆ, ಎರಡೂ ಪಕ್ಕದ ಯುದ್ಧನೌಕೆಗಳಿಗೆ ಕಟ್ಟಿಸಿಕೊಂಡು ಹಬ್ಬದ ದಿನ ಬೆಳಗ್ಗೆ ಬಂದರಿನೊಳಗೆ ಬಂತು. ಜನ ಕೋಟೆ ಗೋಡೆಗಳ ಮೇಲೆ ಸಾಲಾಗಿ ನಿಂತಿದ್ದರು. ಆ ದಿನ ವಯಸ್ಸಾದವರು ತಾವಾಗಿಯೇ ಮಾತು ತೆಗೆಯುತ್ತಾರೆ. ಪಕ್ಕದಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂತುಕೊಳ್ಳಿ. ಬ್ರೆಡ್ ಕೊಟ್ಟರೆ, ಚೂರು ಒರೆಸುವ ಮುಂಚೆ ಸ್ವಲ್ಪ ಹೊತ್ತು ಕಾಯಿರಿ.